ಜೊಂಡಿನೊಳಗಿನ ಉತ್ತರ

ಮೊಣಕಾಲುದ್ದ ಕೆಸರಲ್ಲಿ ನಿಂತು ಸುಚಿತ್ರಾ ಇನ್ನೊಮ್ಮೆ ಶಿಳ್ಳೆ ಹಾಕಿದಳು.

ಜೊಂಡಿನೊಳಗಿಂದ ತಕ್ಷಣ ಉತ್ತರ ಬಂತು. ಈ ಸಲ ತೀರಾ ಹತ್ತಿರ!

ಉಸಿರು ಬಿಗಿಹಿಡಿದು ಜೊಂಡು ಸರಿಸಿದಳು. ಹಕ್ಕಿ ಇರಲಿಲ್ಲ. ಕೊರಳಿಗೆ ದುರ್ಬೀನು ನೇತುಹಾಕಿಕೊಂಡು, ತುಟಿ ಚೂಪು ಮಾಡಿಕೊಂಡು ಒಬ್ಬ ಯುವಕ ಕುಕ್ಕರುಗಾಲಲ್ಲಿ ಕೂತಿದ್ದ.

"ಶ್! ಹಾರಿಸ್ಬುಟ್ರಲ್ರೀ!" ಅವನು ರೇಗಿದ. "ಇಷ್ಟೊತ್ತೂ ಇಲ್ಲೇ ಕೂಗ್ತಿತ್ತು."

"ಎಲ್ಲಿ?"

ಅವನು ಬೆರಳು ತೋರಿಸಿದ. ಬೆರಳು ನೇರ ಅವಳ ಕಡೆಗೇ ಇತ್ತು.

ಅವಳು ಹಿಂತಿರುಗಿ ನೋಡಿದಳು; ಅಲ್ಲಿ ಬೇರೆ ಯಾರೂ ಇರಲಿಲ್ಲ.

'ಅಯ್ಯೋ... ಇಷ್ಟು ದಿನ ನಾನು ಕರೆದಿದ್ದು ಇವನನ್ನಾ?'

ಅಪರೂಪದ ನೀರುಕೋಳಿಯೊಂದರ ಕೂಗನ್ನು ಮೊಬೈಲಿನಲ್ಲಿ ಕೇಳಿ ಕಲಿತ ಶಿಳ್ಳೆ ಅದು. ಲಿಂಗಾಂಬುಧಿ ಕೆರೆಯಲ್ಲಿ ಆ ಹಕ್ಕಿ ಇದೆ, ದಿನಾ ಬೆಳಿಗ್ಗೆ ನನಗೆ ಓಗೊಡುತ್ತದೆ ಎಂದು ಪಕ್ಷಿವೀಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಎದೆ ತಟ್ಟಿ ಹೇಳಿದ್ದಳು. ಅವಳ ಕೆಲಸ ಅಗ್ರಹಾರದ ಕನ್ನಡಕದಂಗಡಿಯಲ್ಲಿ. "ಕನ್ನಡಕ ಮಾರೋ ಹುಡುಗಿಗೆ ಕಣ್ಣಿಗಿಂತ ಕಿವಿ ಚುರುಕು" ಎಂದು ಗುಂಪಿನ ಹಿರಿಯ ಶಾಮಣ್ಣ ಛೇಡಿಸಿದ್ದರು. ರೋಷಕ್ಕೆ ಬಿದ್ದು ಇವತ್ತು ಎಲ್ಲರನ್ನೂ ಕರೆದಿದ್ದಳು. ಅಗೋ, ಏರಿ ಮೇಲೆ ಬರುತ್ತಲೇ ಇದ್ದಾರೆ! ಇನ್ನು ಮೇಲೆ ಅವಳ ಮಾತನ್ನು ಯಾರು ನಂಬುತ್ತಾರೆ?

"ಶಾಮಣ್ಣ ಕಳಿಸಿದ್ರಾ ನಿಮ್ಮನ್ನ? ನನ್ನ ಮಾನ ಕಳೆಯೋಕೆ?"

"ಯಾವ ಶಾಮಣ್ಣ? ನಾನು ಪ್ರಸನ್ನ ಕಣ್ರೀ. ಮಂಡಕಳ್ಳಿ ಏರ್‌ಪೋರ್ಟಲ್ಲಿ ಕೆಲ್ಸ. ರನ್‌ವೇಲಿ ಕೂರೋ ಹಕ್ಕಿ ಓಡ್ಸೋದು."

"ಓಡ್ಸೋದಾ?!"

"ಹಗಲೆಲ್ಲ ಪಟಾಕಿ ಹೊಡ್ದು ಓಡಿಸ್ತೀನಿ. ಅದಕ್ಕೇ ಬೆಳಿಗ್ಗೆ ಇಲ್ಲಿ ಬಂದು ಕರೀತೀನಿ..." ಅವನ ದನಿ ತಗ್ಗಿತು. "ಉತ್ತರ ಕೊಟ್ಟಿದ್ದು ಇದೊಂದೇ. ನಮ್ಮವ್ವಂಗೂ ಹೇಳ್ಬುಟ್ಟಿದ್ದೀನಿ, ಒಂದು ಹಕ್ಕಿ ನನ್ ಜೊತೆ ಮಾತಾಡುತ್ತೆ ಅಂತ."

ಸುಚಿತ್ರಾಳ ಸಿಟ್ಟು ಎಲ್ಲಿ ಹೋಯಿತೋ! ಪಾಪ, ನನ್ನಷ್ಟೇ ಪೆದ್ದ... ಏರಿ ಕಡೆ ಕೈ ತೋರಿಸಿ, ಹಕ್ಕಿ ತೋರಿಸುತ್ತೇನೆಂದು ಗುಂಪನ್ನೇ ಕರೆಸಿದ್ದನ್ನು ಅವನಿಗೆ ಹೇಳಿದಳು.

"ಒಂದ್ ಕೆಲ್ಸ ಮಾಡ್ಲಾ?" ಅವನು ಪಿಸುಗುಟ್ಟಿದ. "ಅವ್ರು ಬಂದಾಗ ಇಲ್ಲೇ ಅಡಗಿ ಶಿಳ್ಳೆ ಹಾಕ್ತೀನಿ. ಯಾರಿಗೂ ಗೊತ್ತಾಗಲ್ಲ."

ಆಸೆಯೇನೋ ಆಯಿತು. ಆದರೂ ಅವನ ತೋಳು ಹಿಡಿದು ಏರಿಗೆ ಎಳೆದುಕೊಂಡೇ ಹೋದಳು.

"ಶಾಮಣ್ಣ, ಹಕ್ಕಿ ಇಲ್ಲ. ಇವ್ರಿದ್ದಾರೆ. ನಾನು ಇವ್ರನ್ನ, ಇವ್ರು ನನ್ನನ್ನ ಹಕ್ಕಿ ಅಂದ್ಕೊಂಡ್ವಿ."

ಎಲ್ಲರೂ ಗೊಳ್ಳೆಂದು ನಕ್ಕರು. ಶಾಮಣ್ಣ ಮಾತ್ರ ನಗಲಿಲ್ಲ. ಮಂಕಿಕ್ಯಾಪ್ ತೆಗೆದು ತಲೆ ಕೆರೆದುಕೊಂಡರು.

"ಮೊನ್ನೆ ಕಳ್ಳನ ಥರ ನಾನೂ ಬಂದು ಕೇಳ್ದೆ ಕಣಮ್ಮ. ನಂಗೂ ಹಕ್ಕಿನೇ ಅನ್ನಿಸ್ತು. ಒಂದಲ್ಲ, ಜೋಡಿ!"

ನಗು ಈಗ ಅವರ ಮೇಲೆ ತಿರುಗಿತು.

"ನಗ್ರಪ್ಪ, ನಗಿ. ಸುಚಿತ್ರಾ, ಇನ್ಮೇಲೆ ನೀನೇನಾದ್ರೂ ಕೇಳಿಸ್ತು ಅಂದ್ರೆ ಮೊದ್ಲು ಬಂದು ನೋಡ್ತೀನಿ. ನಗೋದು ಆಮೇಲೆ."

ಗುಂಪು ಬಾತುಗಳ ಕಡೆ ಸಾಗಿತು. ಪ್ರಸನ್ನ ಪ್ಯಾಂಟಿನ ಕೆಸರು ಒರೆಸುತ್ತಾ ಅಲ್ಲೇ ಉಳಿದ.

"ನನ್ನಿಂದ ನಿಮಗೆ ಮುಜುಗರ ಆಯ್ತು. ನಾಳೆಯಿಂದ ವರುಣಾ ಕೆರೆಗೆ ಹೋಗ್ತೀನಿ. ಈ ಕೆರೆ ನಿಮಗೇ ಇರ್ಲಿ."

ಸುಚಿತ್ರಾ ಜೊಂಡಿನ ಕಡೆ ತಿರುಗಿದಳು. ತಾನು ದಿನಾ ಅಲಾರಂಗೂ ಮೊದಲೇ ಎದ್ದು ಓಡಿ ಬರುತ್ತಿದ್ದುದು ಹಕ್ಕಿಗಾ... ಆ ಉತ್ತರಕ್ಕಾ?

"ಬೇಡ" ಅಂದಳು.

"ಅಲ್ಲ, ನೀವು ನಿಶ್ಚಿಂತೆಯಾಗಿ..."

"ಬೇಡ ಅಂದ್ನಲ್ಲ! ಒಬ್ಬಳಿಗೇ ಇಷ್ಟು ದೊಡ್ಡ ಕೆರೆ ನಂಗೆ ಬೇಡ್ವೇ ಬೇಡ, ಪ್ರಸನ್ನ."