ಕುಳ್ಳಪ್ಪನ ಸ್ನಾನ

ಉಜ್ಜಿದಷ್ಟೂ ಬಣ್ಣ ಬರುತ್ತಲೇ ಇತ್ತು.

ಮೊದಲು ಹಸಿರು ಬಂತು. ಹಸಿರಿನ ಕೆಳಗೆ ನೇರಳೆ. ನೇರಳೆಯ ಕೆಳಗೆ ಕೆಸರಿನಂಥ ಒಂದು ಕಂದು, ಅದರಡಿಯಲ್ಲಿ ಮತ್ತೆ ಹಸಿರು. ಜೀರುಂಡೆ ಬೇಸಿನ್ ಮುಂದೆ ಸ್ಟೂಲಿನ ಮೇಲೆ ನಿಂತು, ಹಳೆಯ ಟೂತ್‌ಬ್ರಷ್‌ನಿಂದ ತಿಕ್ಕುತ್ತಿದ್ದಳು. ಅವಳ ಕೈಯಲ್ಲಿದ್ದದ್ದು ಹೆಬ್ಬೆರಳಿನಷ್ಟು ಎತ್ತರದ ಒಂದು ಸೀಸದ ಗೊಂಬೆ.

"ಎಷ್ಟು ಅಂಗಿ ಹಾಕ್ಕೊಂಡಿದೀಯೋ ಮಹಾರಾಯ," ಎಂದಳು ಗೊಂಬೆಗೆ.

ಕೆಳಗಿನ ಮಹಡಿಯಿಂದ ಡ್ರಿಲ್‌ನ ಸದ್ದು ಗುಂಯ್ ಎಂದು ಕೇಳುತ್ತಿತ್ತು. ಅದು ನಿಲ್ಲುವವರೆಗೆ ಮಾಮ ಮೇಲೆ ಬರುವುದಿಲ್ಲ ಎಂದು ಜೀರುಂಡೆಗೆ ಗೊತ್ತಿತ್ತು. ಮಾಮ ಹಲ್ಲಿನ ಡಾಕ್ಟರು. ಕೆಳಗೆ ಕ್ಲಿನಿಕ್, ಮೇಲೆ ಮನೆ. ಅಮ್ಮನ ಆಫೀಸು ದೂರವಾದ ಮೇಲೆ, ಈ ವರ್ಷದಿಂದ ಜೀರುಂಡೆ ಸ್ಕೂಲ್ ಮುಗಿಸಿ ಸೀದಾ ಇಲ್ಲಿಗೇ ಬರುತ್ತಿದ್ದಳು. ಅವಳಿಗೆ ಆ ಹೆಸರಿಟ್ಟವರೂ ಮಾಮನೇ. ಒಂದು ಸಲ ಪ್ರಶ್ನೆ ಕೇಳಲು ಶುರುಮಾಡಿದರೆ ಇವಳು ನಿಲ್ಲಿಸುವುದೇ ಇಲ್ಲ, ಪೇಷೆಂಟ್‌ಗಳ ಬಾಯಿಗೆ ಇಟ್ಟಂತೆ ಇವಳ ಬಾಯಿಗೂ ಹತ್ತಿ ಇಡಬೇಕು ಎನ್ನುತ್ತಿದ್ದರು.

ಮಾಮನಿಗೆ ಎರಡೇ ಪ್ರೀತಿ. ಒಂದು, ಹಲ್ಲು. ಇನ್ನೊಂದು, ಹಳೆಯ ಕಾಲದ ಪುಟ್ಟ ಗೊಂಬೆಗಳು. ಡ್ರ್ಯಾಗನ್, ಮಂತ್ರವಾದಿ, ಚೂಪು ಕಿವಿಯ ಬಿಲ್ಲುಗಾರರು, ಗದೆ ಹಿಡಿದ ರಾಕ್ಷಸರು. ಮೇಜಿನ ಮೇಲೆ ದಾಳ ಉರುಳಿಸಿ ಯುದ್ಧ ಆಡುವ ಗೊಂಬೆಗಳು ಅವು. ಈಗಿನವು ಪ್ಲಾಸ್ಟಿಕ್ಕಿನವು. ಮಾಮ ಹುಡುಕಿ ಹುಡುಕಿ ತರುತ್ತಿದ್ದದ್ದು ತಾವು ಚಿಕ್ಕವರಿದ್ದಾಗ ಬರುತ್ತಿದ್ದ ಸೀಸದ ಗೊಂಬೆಗಳನ್ನು. ಯಾರೋ ಎಂದೋ ದಪ್ಪಗೆ ಬಣ್ಣ ಬಳಿದು ಮೂಲೆಗೆ ಎಸೆದವು. ಅವನ್ನು ನೆಲ ಒರೆಸುವ ಲಿಕ್ವಿಡ್‌ನಲ್ಲಿ ನೆನೆಸಿ, ಬಣ್ಣ ಕಿತ್ತು, ಹೊಸದಾಗಿ ಬಳಿಯುವುದೆಂದರೆ ಅವರಿಗೆ ಊಟ ನಿದ್ದೆ ಬೇಡ.

ಆ ಕೆಲಸವನ್ನೆಲ್ಲ ಜೀರುಂಡೆ ನೋಡಿ ನೋಡಿಯೇ ಕಲಿತಿದ್ದಳು. ಸೀಸ ಮುಟ್ಟುವಾಗ ಗ್ಲವ್ಸ್ ಹಾಕಬೇಕು. ಮಾಮನ ಗ್ಲವ್ಸ್ ಅವಳ ಬೆರಳ ತುದಿಯಲ್ಲಿ ಖಾಲಿ ಚೀಲದಂತೆ ಜೋತಾಡುತ್ತಿತ್ತು, ಆದರೂ ಹಾಕಿಕೊಂಡಿದ್ದಳು. ಗಡ್ಡದ ಸಂದಿಯಲ್ಲಿ ಕೂತ ಬಣ್ಣ ತೆಗೆಯಲು ಹಲ್ಲು ಕೆರೆಯುವ ಸಣ್ಣ ಕೊಕ್ಕೆಗಿಂತ ಒಳ್ಳೆಯದು ಯಾವುದೂ ಇಲ್ಲ. ಅದೂ ಪಕ್ಕದಲ್ಲಿ ತಯಾರಾಗಿತ್ತು.

ಅವಳ ಕೈಯಲ್ಲಿದ್ದ ಗೊಂಬೆಯ ಹೆಸರು ಕುಳ್ಳಪ್ಪ. ಮಾಮನ ಗೊಂಬೆಗಳಲ್ಲೆಲ್ಲ ಅದರಷ್ಟು ಕೆಟ್ಟದ್ದು ಇನ್ನೊಂದಿರಲಿಲ್ಲ. ಮೈಯೆಲ್ಲ ಬಣ್ಣದ ಗಂಟು. ಗಡ್ಡ ಯಾವುದು, ಹೊಟ್ಟೆ ಯಾವುದು ಗೊತ್ತಾಗುತ್ತಿರಲಿಲ್ಲ. ಮುಖವಂತೂ ಯಾರೋ ತಿಂದು ಉಗಿದ ಚ್ಯೂಯಿಂಗ್ ಗಮ್ ಇದ್ದಂತಿತ್ತು. ಒಳ್ಳೊಳ್ಳೆಯ ಗೊಂಬೆಗಳನ್ನೆಲ್ಲ ಬೀರುವಿನೊಳಗೆ ಇಟ್ಟು, ಮಾಮ ಇದೊಂದನ್ನು ಮಾತ್ರ ಕ್ಲಿನಿಕ್ಕಿನಲ್ಲಿ, ಎಲ್ಲರೂ ಬಂದು ಕೂರುವಲ್ಲಿ, ಮೀನಿನ ತೊಟ್ಟಿಯ ಪಕ್ಕದಲ್ಲಿ ಇಟ್ಟಿದ್ದರು. ಯಾಕೆ ಎಂದು ಜೀರುಂಡೆ ಕೇಳಿದ್ದಳು. ಒಂದಲ್ಲ, ಹತ್ತು ಸಲ ಕೇಳಿದ್ದಳು. "ಇರ್ಲಿ ಬಿಡು," ಎನ್ನುತ್ತಿದ್ದರು ಮಾಮ, ಮುಖ ಆ ಕಡೆ ತಿರುಗಿಸಿ.

ಹೋದ ವಾರ ಅವಳ ಕ್ಲಾಸಿನ ಹುಡುಗನೊಬ್ಬ ಹಲ್ಲಿಗೆ ಕ್ಲಿಪ್ ಹಾಕಿಸಲು ಬಂದಿದ್ದ. ಮರುದಿನ ಬೆಂಚಿನ ಮೇಲೆ ಹತ್ತಿ, ನಿಮ್ಮ ಮಾಮನಿಗೆ ಬಣ್ಣ ಹಚ್ಚೋಕೆ ಬರೋದಿಲ್ಲ, ಎಮ್ಮೆ ಬಾಲದಲ್ಲಿ ಹಚ್ಚಿದ ಹಾಗಿದೆ, ಎಂದು ಕ್ಲಾಸಿಗೆಲ್ಲ ಹೇಳಿದ. ಎಲ್ಲರೂ ನಕ್ಕರು. ಜೀರುಂಡೆಗೆ ಕಿವಿ ಬಿಸಿಯಾಯಿತು. ಮಾಮ ಮಂತ್ರವಾದಿಯ ಕಣ್ಣಿನ ಗುಡ್ಡೆಯೊಳಗೆ ಬೆಳಕಿನ ಚುಕ್ಕೆ ಇಡಬಲ್ಲರು. ಅದನ್ನು ಈ ಹುಡುಗನಿಗೆ ಹೇಳಿ ಏನು ಪ್ರಯೋಜನ?

ಹಾಗಾಗಿ ಅವಳು ಕುಳ್ಳಪ್ಪನನ್ನು ಎತ್ತಿಕೊಂಡು ಬಂದಳು. ಬರುವ ಭಾನುವಾರ ಮಾಮನ ಸ್ನೇಹಿತರು ಆಟಕ್ಕೆ ಬರುವವರಿದ್ದರು. ಈ ಸಲ ನಿನಗೂ ಒಂದು ಕುರ್ಚಿ ಹಾಕ್ತೀನಿ ಎಂದು ಮಾಮ ಮಾತು ಕೊಟ್ಟಿದ್ದರು. ಅಷ್ಟರೊಳಗೆ ಕುಳ್ಳಪ್ಪನನ್ನು ರಾಜಕುಮಾರನಂತೆ ಮಾಡಿ, ಎಲ್ಲರ ಎದುರಿಗೆ ಇಡಬೇಕು.

ಮಾಮನಿಗೆ ಗೊಂಬೆ ಇಲ್ಲದ್ದು ಗೊತ್ತಾಗಲೇ ಇಲ್ಲ. ಅದನ್ನು ನೋಡದೇ ಓಡಾಡುವುದನ್ನು ಅವರು ಅಷ್ಟು ಚೆನ್ನಾಗಿ ರೂಢಿ ಮಾಡಿಕೊಂಡಿದ್ದರು.

ಕೊನೆಯಲ್ಲಿ ಗಡ್ಡದ ಬುಡದಿಂದ ಹೊಳೆಯುವ ಗುಲಾಬಿ ಬಣ್ಣದ ಒಂದು ಚೂರು ಎದ್ದು ಬಂತು. ಅದು ಉಗುರಿನ ಬಣ್ಣದಂತೆ ಗಟ್ಟಿಯಾಗಿತ್ತು. ಅದನ್ನೂ ಕೊಕ್ಕೆಯಿಂದ ಕೆರೆದು ತೆಗೆದಳು. ಈಗ ಕುಳ್ಳಪ್ಪ ಬೆಳ್ಳಿಯಂತೆ ಬೆತ್ತಲಾಗಿ ನಿಂತಿದ್ದ. ಜೀರುಂಡೆ ಅವನನ್ನು ಬೆಳಕಿಗೆ ಹಿಡಿದಳು. ಅವನಿಗೊಂದು ಮುಖವಿತ್ತು.

ಮೂರು ಸಂಜೆ ಅವಳು ಹೋಂವರ್ಕ್ ಬೇಗ ಮುಗಿಸಿ ಕೂತಳು. ಮೊದಲು ಬೂದು ಬಣ್ಣದ ತಳ. ಅದು ಒಣಗಿದ ಮೇಲೆ ಉಳಿದ ಬಣ್ಣಗಳು, ನೀರು ಬೆರೆಸಿ ತೆಳ್ಳಗೆ ಮಾಡಿ, ಒಂದರ ಮೇಲೊಂದು. ಗಡ್ಡಕ್ಕೆ ತಾಮ್ರದ ಬಣ್ಣ, ಮೇಲಂಗಿಗೆ ಕಡುಗೆಂಪು, ಬೂಟಿಗೆ ಚರ್ಮದ ಕಂದು. ಉಸಿರು ಬಿಟ್ಟರೆ ಕೈ ಅಲುಗುತ್ತದೆಂದು ಉಸಿರು ಹಿಡಿದು ಹಚ್ಚಿದಳು. ಬೆಲ್ಟಿನ ಬಕಲ್ ಎರಡು ಸಲ ಕೆಟ್ಟಿತು. ಮೂರನೇ ಸಲ ಕೂತಿತು.

ಭಾನುವಾರ ಸ್ನೇಹಿತರು ಬಂದರು. ಒಬ್ಬರು ಸಿಟಿ ಬಸ್ ಓಡಿಸುವ ಬಸ್ ಅಂಕಲ್. ಅವರ ಮೀಸೆ ಅವರಿಗಿಂತ ಮೊದಲು ಬಾಗಿಲೊಳಗೆ ಬರುತ್ತಿತ್ತು. ಇನ್ನೊಬ್ಬರು ಜೀರುಂಡೆಯ ಸ್ಕೂಲಿನ ಲೆಕ್ಕದ ಮಿಸ್. ಮಾಮನೂ ಸೇರಿ ಮೂವರೂ ಒಂದೇ ಕ್ಲಾಸಿನಲ್ಲಿ ಓದಿದವರು. ಸ್ಕೂಲಿನಲ್ಲಿ ಯಾರೂ ಕೆಮ್ಮದ ಹಾಗೆ ಪಾಠ ಮಾಡುವ ಮಿಸ್, ಇಲ್ಲಿ ಚಪ್ಪಲಿ ಬಿಡುವ ಮೊದಲೇ ಮಾಮನಿಗೆ ಹೇಳಿದರು:

"ಲೋ ಹಲ್ಲುಕಡ್ಡಿ, ಇವತ್ತಾದ್ರೂ ಗೆಲ್ತೀಯೋ, ಇಲ್ಲ ಹಾಗೇ ಒಪ್ಪಿಸ್ಬಿಡ್ತೀಯೋ?"

ಮಾಮ ಅದು ಕೇಳಿಸದವರಂತೆ ಮೇಜಿನ ಮೇಲೆ ಹಸಿರು ಬಟ್ಟೆ ಹಾಸುತ್ತಿದ್ದರು. ಬಟ್ಟೆಯ ಕೆಳಗೆ ದಪ್ಪ ಪುಸ್ತಕಗಳನ್ನಿಟ್ಟು ಬೆಟ್ಟ ಮಾಡಿದ್ದರು. ಗೊಂಬೆಗಳು ಸಾಲಾಗಿ ನಿಂತವು. ದಾಳ ಬಂತು, ನಡೆಯ ದೂರ ಅಳೆಯಲು ಟೇಪ್ ಬಂತು. ಪ್ರತಿಯೊಬ್ಬರಿಗೂ ಒಬ್ಬ ಸರದಾರ. ಯಾರ ಸರದಾರ ಮೊದಲು ಬೀಳುತ್ತಾನೋ ಅವರು ಸೋತ ಹಾಗೆ. ಜೀರುಂಡೆಗೂ ಬಿಲ್ಲುಗಾರರ ಪುಟ್ಟ ಗುಂಪೊಂದು ಸಿಕ್ಕಿತು.

ಆಗ ಅವಳು ಬೋರಲು ಹಾಕಿದ ಒಂದು ಲೋಟ ತಂದು ಮೇಜಿನ ನಡುವೆ ಇಟ್ಟಳು. ಎಲ್ಲರೂ ನೋಡುವವರೆಗೆ ಕಾದಳು. ಲೋಟ ಎತ್ತಿದಳು.

ಮೂವರೂ ಮೇಜಿನ ಮೇಲೆ ಬಗ್ಗಿ ನೋಡಿದರು.

"ಯಾರಿದು?" ಎಂದರು ಬಸ್ ಅಂಕಲ್ ಕೊನೆಗೆ.

"ಕುಳ್ಳಪ್ಪ."

ಮಾಮನ ಕೈಯಲ್ಲಿದ್ದ ದಾಳ ಅಲ್ಲೇ ನಿಂತಿತು. ಮಿಸ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಅವನ ಮೇಲಿದ್ದ ಬಣ್ಣ?"

"ತೆಗ್ದೆ ಮಿಸ್. ಸಂದಿ ಸಂದೀನೂ ಕ್ಲೀನ್ ಮಾಡ್ದೆ. ಒಂಚೂರೂ ಬಿಟ್ಟಿಲ್ಲ," ಎಂದಳು ಜೀರುಂಡೆ. ಹೇಳುತ್ತಿದ್ದ ಹಾಗೆ ಅವಳ ದನಿ ತಾನೇ ಸಣ್ಣದಾಯಿತು. ಮಿಸ್ ಮುಖ ನೋಡಿ ಉತ್ತರ ತಪ್ಪಿದೆಯೆಂದು ತಿಳಿಯುವುದು ಅವಳಿಗೆ ರೂಢಿಯಿತ್ತು.

ಮಾಮ ಕುರ್ಚಿಯಲ್ಲಿ ಕೂತು, ಹಲ್ಲು ಕೀಳುವ ಮೊದಲು ಪೇಷೆಂಟ್‌ಗೆ ಹೇಳುವಂತೆ ಮೆಲ್ಲಗೆ ಎಲ್ಲ ಹೇಳಿದರು. ಅವರು ಮೂವರೂ ಜೀರುಂಡೆಯಷ್ಟಿದ್ದಾಗ ಈ ಆಟ ಶುರುವಾಗಿತ್ತು. ಆಗಲೇ ಒಂದು ನಿಯಮವೂ ಆಗಿತ್ತು. ಸೋತವರು ಕುಳ್ಳಪ್ಪನನ್ನು ಮನೆಗೆ ಒಯ್ಯಬೇಕು. ಮುಂದಿನ ಆಟದವರೆಗೆ, ಬಂದವರಿಗೆಲ್ಲ ಕಾಣುವ ಜಾಗದಲ್ಲಿ ಇಡಬೇಕು. ಒಯ್ಯುವ ಮೊದಲು, ಸೋಲಿಸಿದವರು ಕೈಗೆ ಸಿಕ್ಕ ಬಣ್ಣದಲ್ಲಿ ಅವನ ಮೇಲೆ ಒಂದು ಬೊಟ್ಟು ಇಡುತ್ತಾರೆ. ಆ ಬೊಟ್ಟನ್ನು ಅಳಿಸುವಂತಿಲ್ಲ. ಬೊಟ್ಟಿನ ಮೇಲೆ ಬೊಟ್ಟು ಬಿದ್ದು ಬಿದ್ದು ಕುಳ್ಳಪ್ಪ ಹಾಗಾಗಿದ್ದ. ಅವರು ಆಡಿದ ಆಟಗಳೆಲ್ಲ ಅವನ ಮೈಮೇಲಿದ್ದವು.

"ಮೊದಲನೇ ಬೊಟ್ಟು ನಂದು," ಎಂದರು ಮಿಸ್. "ಗಡ್ಡಕ್ಕೆ ಇಟ್ಟಿದ್ದೆ. ನಮ್ಮಕ್ಕನ ನೇಲ್ ಪಾಲಿಶ್ ಕದ್ದು ತಂದು."

ಜೀರುಂಡೆಗೆ ಆ ಗುಲಾಬಿ ಚೂರು ನೆನಪಾಯಿತು. ಅದು ಬೇಸಿನ್ನಿನ ತೂತಿನೊಳಗೆ ತಿರುಗಿ ತಿರುಗಿ ಹೋದದ್ದನ್ನು ಅವಳು ನೋಡಿದ್ದಳು.

"ನಾನು ಕೇಳಿದ್ದೆ ಮಾಮ," ಎಂದಳು. "ಎಷ್ಟು ಸಲ ಕೇಳಿದ್ದೆ. ನೀನು ಹೇಳ್ಲೇ ಇಲ್ಲ."

ಮಾಮ ಕಿವಿಯ ಹಿಂದೆ ಕೆರೆದುಕೊಂಡರು.

"ಅವನು ಹೇಗೆ ಹೇಳ್ತಾನಮ್ಮ," ಎಂದರು ಬಸ್ ಅಂಕಲ್. "ಈ ವರ್ಷ ಪೂರ್ತಿ ಸೋತಿದಾನೆ. ಸೋತವನು ಊರಿಗೆಲ್ಲ ಡಂಗುರ ಹೊಡೀತಾನಾ?" ಅವರು ಕುಳ್ಳಪ್ಪನನ್ನು ಎರಡು ಬೆರಳಲ್ಲಿ ಎತ್ತಿ ಕಣ್ಣ ಹತ್ತಿರ ಹಿಡಿದರು. ಅವರ ಮೀಸೆ ಅಲುಗಿತು. "ನೋಡ್ರೋ ಇವನ ಮುಖಾನ. ನಗ್ತಿದಾನೆ ಕಳ್ಳ. ಇಷ್ಟು ವರ್ಷ ನಾವು ಇವನನ್ನ ನೋಡಿ ನಗ್ತಾ ಇದ್ವಿ. ಇವನು ಒಳಗೆ ಕೂತು ನಮ್ಮನ್ನ ನೋಡಿ ನಗ್ತಿದ್ದ."

ಮಿಸ್ ಕೈಗೆ ತೆಗೆದುಕೊಂಡು ನೋಡಿದರು. ಅವರ ಮುಖದಲ್ಲೂ ಮೆಲ್ಲಗೆ ನಗು ಬಂತು. ಬಕಲ್ ತುಂಬ ಚೆನ್ನಾಗಿದೆ, ನಿನ್ನ ಲೆಕ್ಕದ ಪುಸ್ತಕ ಇದರ ಅರ್ಧದಷ್ಟು ನೀಟಾಗಿದ್ದರೆ ಸಾಕಿತ್ತು ಎಂದರು. ಹೋದದ್ದು ಹೋಯಿತು, ಆಡೋಣ ಎಂದರು ಮಾಮ.

ಆಟ ಶುರುವಾಯಿತು. ಆದರೆ ಅದು ಸರಿಯಾಗಿ ನಡೆಯಲಿಲ್ಲ.

ಬಸ್ ಅಂಕಲ್ ತಮ್ಮ ಮೊದಲ ನಡೆಯಲ್ಲೇ ಸರದಾರನನ್ನು ಡ್ರ್ಯಾಗನ್ ಎದುರಿಗೆ ನಿಲ್ಲಿಸಿದರು. ಟೇಪ್ ಕೂಡ ಹಿಡಿಯಲಿಲ್ಲ. ಹೀಗೆ ಮಾಡಿದರೆ ಸೋತುಬಿಡ್ತೀರಿ ಎಂದು ಜೀರುಂಡೆ ಪಿಸುಗುಟ್ಟಿದಳು. ಸೋತರೆ ಸೋತೆ, ಇಷ್ಟು ಚೆಂದದ ಗೊಂಬೆ ಬಸ್ಸಿನ ಸ್ಟೀರಿಂಗ್ ಮುಂದೆ ಇಟ್ಕೊಂಡರೆ ಏನು ನಷ್ಟ ಎಂದರು ಅವರು. ಮಿಸ್ ತಕ್ಷಣ ತಮ್ಮ ಸರದಾರನನ್ನೂ ಬಯಲಿಗೆ ತಂದರು. ಸ್ಟಾಫ್ ರೂಮಿನಲ್ಲಿ ತಮ್ಮ ಟೇಬಲ್ ಬೋಳಾಗಿದೆಯಂತೆ. ಮಾಮ ಒಂದು ಹೆಜ್ಜೆ ಮುಂದೆ ಹೋಗಿ, ತಮ್ಮ ಸರದಾರ ಕತ್ತಿಯನ್ನೇ ಕೆಳಗಿಟ್ಟ ಎಂದರು.

ಮೊದಮೊದಲು ಜೀರುಂಡೆಗೆ ಖುಷಿಯಾಯಿತು. ಅವಳು ಬಳಿದ ಗೊಂಬೆಗಾಗಿ ಮೂವರು ದೊಡ್ಡವರು ಸೋಲಲು ಜಗಳವಾಡುತ್ತಿದ್ದರು. ಆದರೆ ನೋಡನೋಡುತ್ತ ಮೇಜಿನ ಸುತ್ತ ಸದ್ದಡಗಿತು. ದಾಳ ಉರುಳಿದರೆ ಯಾರೂ ಬಗ್ಗಿ ನೋಡುತ್ತಿರಲಿಲ್ಲ. ಮಿಸ್ ಮಾಮನನ್ನು ಹಲ್ಲುಕಡ್ಡಿ ಎಂದು ಕರೆಯಲಿಲ್ಲ. ಬಸ್ ಅಂಕಲ್ ಆಕಳಿಸಿದರು. ಮಾಮ ಗಡಿಯಾರ ನೋಡಿದರು.

ಜೀರುಂಡೆ ಕುಳ್ಳಪ್ಪನನ್ನು ನೋಡಿದಳು. ಕಡುಗೆಂಪು ಅಂಗಿ ತೊಟ್ಟು ಅವನು ನಗುತ್ತ ನಿಂತಿದ್ದ. ಅವನಿಗೆ ಯಾರೂ ಹೆದರುತ್ತಿರಲಿಲ್ಲ.

ಅವಳು ಎದ್ದು ಬಣ್ಣದ ಶೆಲ್ಫಿಗೆ ಹೋದಳು. ಕೈಗೆ ಕಿತ್ತಳೆ ಬಣ್ಣ ಸಿಕ್ಕಿತು. ಮುಚ್ಚಳ ತೆಗೆದು, ಎಲ್ಲಕ್ಕಿಂತ ದಪ್ಪನೆಯ ಬ್ರಷ್ ಅದ್ದಿದಳು. ನೀರು ಬೆರೆಸಲಿಲ್ಲ. ಮೇಜಿನ ಹತ್ತಿರ ಬಂದು, ಒಂದು ಕ್ಷಣ ಕಣ್ಣು ಮುಚ್ಚಿ, ಕುಳ್ಳಪ್ಪನ ಮೂಗಿನ ಮೇಲೆ ದೊಡ್ಡದೊಂದು ಬೊಟ್ಟು ಇಟ್ಟಳು. ಬಣ್ಣ ಮೀಸೆಗೆ ಇಳಿಯಿತು. ಮೀಸೆಯಿಂದ ತಾಮ್ರದ ಗಡ್ಡಕ್ಕೆ ಇಳಿಯಿತು.

"ಏನೇ ಮಾಡಿದೆ ಇದು?" ಎಂದರು ಮಿಸ್.

"ಇದು ನನ್ನ ಬೊಟ್ಟು," ಎಂದಳು ಜೀರುಂಡೆ. "ಚೆನ್ನಾಗಿ ಕಾಣ್ತಿದಾನಾ ಈಗ?"

ಕುಳ್ಳಪ್ಪ ಈಗ ನೆಗಡಿಯಾದ ಗೂಬೆಯಂತೆ ಕಾಣುತ್ತಿದ್ದ. ಮಾಮ ಒಂದು ಒದ್ದೆ ಬಟ್ಟೆ ತಂದು ಅವಳ ಮುಂದೆ ಹಿಡಿದರು. "ಇನ್ನೂ ಹಸಿ ಇದೆ ಜೀರುಂಡೆ. ಈಗ್ಲೇ ಒರೆಸಿದ್ರೆ ಹೋಗತ್ತೆ."

ಮೂರು ಸಂಜೆಯ ಕೆಲಸ. ಅವಳ ಕೈ ಬಟ್ಟೆಯ ಕಡೆ ಅರ್ಧ ದಾರಿ ಹೋಯಿತು. ಆಮೇಲೆ ಅವಳು ಬಗ್ಗಿ, ಬೊಟ್ಟು ಬೇಗ ಒಣಗಲೆಂದು ಉಫ್, ಉಫ್ ಎಂದು ಊದಿದಳು.

ಬಸ್ ಅಂಕಲ್ ಕುಳ್ಳಪ್ಪನನ್ನು ನೋಡಿದರು. ಡ್ರ್ಯಾಗನ್ ಎದುರಿಗೆ ನಿಂತ ತಮ್ಮ ಸರದಾರನನ್ನು ನೋಡಿದರು. ತಾವು ಆ ನಡೆಯನ್ನು ತಮಾಷೆಗೆ ಮಾಡಿದ್ದು, ವಾಪಸ್ ತಗೊಳ್ಳಬಹುದಲ್ಲ ಎಂದು ಕೇಳಿದರು.

"ಇಟ್ಟಿದ್ದು ಇಟ್ಟಿದ್ದೇ," ಎಂದರು ಮಿಸ್, ಕ್ಲಾಸಿನ ದನಿಯಲ್ಲಿ.

"ಆ ಮೂತಿ ಬಸ್ಸಲ್ಲಿ ಇಟ್ಕೊಂಡ್ರೆ ಪ್ಯಾಸೆಂಜರ್ ಹತ್ತಲ್ಲ ಕಣೇ."

"ನಡ್ಕೊಂಡು ಹೋಗ್ತಾರೆ ಬಿಡು. ಆರೋಗ್ಯಕ್ಕೆ ಒಳ್ಳೇದು."

ಮಾಮ ಜೋರಾಗಿ ನಕ್ಕು, ಕೆಳಗಿಟ್ಟ ಕತ್ತಿಯನ್ನು ತಮ್ಮ ಸರದಾರ ಮತ್ತೆ ಎತ್ತಿಕೊಂಡ ಎಂದು ಸಾರಿದರು. ಅದು ನಡೆಯೋದಿಲ್ಲ ಎಂದು ಇಬ್ಬರೂ ಒಟ್ಟಿಗೆ ಅವರ ಮೇಲೆ ಬಿದ್ದರು. ಬಸ್ ಅಂಕಲ್ ಟೇಪ್ ಎಳೆದು, ಮೀಸೆ ಬಟ್ಟೆಗೆ ತಾಗುವಷ್ಟು ಬಗ್ಗಿ, ಡ್ರ್ಯಾಗನ್‌ನ ದೂರ ಅಳೆಯತೊಡಗಿದರು.

ಜೀರುಂಡೆಯ ಸರದಿ ಬಂತು. ಅವಳ ಸರದಾರ ಬಯಲಿನ ನಟ್ಟನಡುವೆ ನಿಂತಿದ್ದ. ಅವಳು ಕುಳ್ಳಪ್ಪನ ಕಿತ್ತಳೆ ಮೂಗಿನ ಕಡೆ ಒಮ್ಮೆ ನೋಡಿ, ಸರದಾರನನ್ನು ಎರಡು ಬೆರಳಲ್ಲಿ ಎತ್ತಿ ಪುಸ್ತಕದ ಬೆಟ್ಟದ ಹಿಂದೆ ಇಟ್ಟಳು.