ಚೌಕ ಕಡುಬು, ಉದ್ದ ಕಡುಬು

"ಇದು ಹಬ್ಬದ ಕಡುಬಾ? ಚೌಕವಾಗಿ ಒಳ್ಳೇ ಇಟ್ಟಿಗೆ ಥರ ಇದೆ!" ಎಂದರು ಅಮ್ಮಮ್ಮ.

"ನಿಮ್ಮದು ಕಡುಬಾ ಬೀಗ್ತಿ? ನಾನು ಒನಕೆ ಅಂದ್ಕೊಂಡೆ!" ಎಂದರು ಅಜ್ಜಿ.

ನಡುವೆ ಕೂತ ಮೊಮ್ಮಗಳು ಯೆನ್ ಇಬ್ಬರಿಗೂ ಕಡುಬು ಸುತ್ತಲು ಎಲೆ ಒರೆಸಿ ಕೊಡುತ್ತಿದ್ದಳು. ಅಜ್ಜಿ, ಅಂದರೆ ಅಪ್ಪನ ಅಮ್ಮ, ಉತ್ತರದ ಹನೋಯ್ ಕಡೆಯವರು, ಈಗ ಸೈಗಾನಿನಲ್ಲಿ ಮಗನ ಮನೆಯಲ್ಲೇ ಇದ್ದರು. ಅಮ್ಮಮ್ಮ ದಕ್ಷಿಣದ ತೆಂಗಿನ ನಾಡಿನವರು. ಟೆಟ್ ಹೊಸವರ್ಷದ ಹಬ್ಬಕ್ಕೆಂದು ಅವರು ಬಸ್ಸಿನಲ್ಲಿ ಇಲ್ಲಿಗೆ ಬಂದಿದ್ದರು. ಈ ಪುಟ್ಟ ಮನೆಯಲ್ಲಿ ಹಿರಿಯರ ಫೋಟೋ ಮುಂದೆ ಎಡೆ ಇಡಲು ಒಂದೇ ತಟ್ಟೆಯಷ್ಟು ಜಾಗ. ಯಾರ ಕಡುಬು ಇಡುವುದು?

"ಜಗಳ ಯಾಕೆ?" ಎಂದಳು ಯೆನ್. "ಅದೇ ಅಂಟಕ್ಕಿ, ಅದೇ ಹೆಸರುಬೇಳೆ, ಅದೇ ಹಂದಿಮಾಂಸ. ಎರಡೂ ಒಂದೇ ಅಲ್ವಾ?"

ನಾಲ್ಕೂ ಕೈಗಳು ನಿಂತವು.

"ಒಂದೇನಾ?" ಇಬ್ಬರೂ ಒಟ್ಟಿಗೇ ಕೂಗಿದರು.

"ಕೇಳಿದ್ರಾ ಬೀಗ್ತಿ, ನಿಮ್ಮ ಮೊಮ್ಮಗಳ ಮಾತು!" ಎಂದರು ಅಜ್ಜಿ.

"ನಿಮಗೂ ಮೊಮ್ಮಗಳೇ ಅಲ್ವಾ!"

ಅಷ್ಟರಲ್ಲಿ ಅಮ್ಮಮ್ಮನ ಮುಖ ಬಾಡಿತು. "ಒಂದೇ ಆಗಿದ್ರೆ ಅಷ್ಟು ದೂರದಿಂದ ಬಾಳೆಲೆ ಯಾಕೆ ಹೊತ್ಕೊಂಡು ಬಂದೆ? ಸಂಜೆ ಬಸ್ಸಿಗೇ ಹೊರಡ್ತೀನಿ," ಎಂದು ಒಳಗೆ ಹೋಗಿ ಬ್ಯಾಗ್ ತುಂಬತೊಡಗಿದರು.

ಯೆನ್ ಗಾಬರಿಯಿಂದ ಹಿಂದೆಯೇ ಓಡಿದಳು. "ಸಾರಿ ಅಮ್ಮಮ್ಮಾ! ಹೇಗೆ ಬೇರೆ ಅಂತ ಹೇಳು."

"ನಮ್ಮಮ್ಮ ದೋಣಿಯಲ್ಲೇ ಕೂತು ಕಡುಬು ಸುತ್ತೋಳು ಕಣೇ. ಎರಡೆರಡನ್ನ ಜೋಡಿಸಿ ಕಟ್ಟಿ ನೇತು ಹಾಕೋಳು. ದೋಣಿ ಹೋದಂಗೆಲ್ಲ ಅವೂ ತೂಗಾಡೋವು. ನೋಡ್ತಾ ನೋಡ್ತಾ ನಿದ್ದೆ ಬಂದುಬಿಡೋದು."

ಬಾಗಿಲಲ್ಲಿ ಅಜ್ಜಿ ನಿಂತಿದ್ದರು. "ನಮ್ಮೂರಲ್ಲಿ ಟೆಟ್ ಅಂದ್ರೆ ಕೊರೆಯೋ ಚಳಿ. ಕಡುಬು ಬೇಯೋ ಹಂಡೆ ಸುತ್ತ ಕೂತು ಮೈ ಕಾಯಿಸ್ಕೋತಿದ್ವಿ. ಈ ಸೆಕೆ ಊರಲ್ಲಿ ಚಳಿ ಎಲ್ಲಿಂದ ತರಲಿ? ಆ ಚೌಕ ಕಡುಬು ಒಂದೇ ಉಳ್ಕೊಂಡಿದೆ," ಎಂದರು ಮೆಲ್ಲಗೆ. ಆಮೇಲೆ ಒಳಗೆ ಬಂದು ಬ್ಯಾಗನ್ನು ಪಕ್ಕಕ್ಕೆ ಸರಿಸಿದರು. "ಬನ್ನಿ ಬೀಗ್ತಿ, ನೀರು ಕುದೀತಿದೆ. ನಿಮ್ಮ ಒನಕೆಗಳನ್ನೇ ಮೊದಲು ಹಂಡೆಗೆ ಇಳಿಸೋಣ."

ಅಮ್ಮಮ್ಮ ಮೂಗು ಒರೆಸಿಕೊಂಡು ನಕ್ಕುಬಿಟ್ಟರು.

ಹಬ್ಬದ ಬೆಳಗ್ಗೆ ಯೆನ್ ಫೋಟೋಗಳನ್ನು ಒತ್ತೊತ್ತಾಗಿ ಸರಿಸಿ ಎರಡಕ್ಕೂ ಜಾಗ ಮಾಡಿದಳು. ಪೂಜೆ ಮುಗಿದ ಮೇಲೆ ಇಬ್ಬರೂ ಕಡುಬು ಕತ್ತರಿಸಲು ಕೂತರು. ಚಾಕುವಿಗಾದರೆ ಅಂಟಿಕೊಳ್ಳುತ್ತದೆ, ಅದಕ್ಕೆ ದಾರವೇ ಬೇಕು. ಅಮ್ಮಮ್ಮ ದಾರದ ತುದಿ ಹಲ್ಲಲ್ಲಿ ಕಚ್ಚಿ, ಒಂದು ಕಣ್ಣು ಮುಚ್ಚಿ, ಸರ್ರನೆ ಎಳೆದರು. ಪಕ್ಕದಲ್ಲಿ ಅಜ್ಜಿಯೂ ತುದಿ ಕಚ್ಚಿದರು, ಒಂದು ಕಣ್ಣು ಮುಚ್ಚಿದರು, ಸರ್ರನೆ ಎಳೆದರು.

"ಅಯ್ಯೋ, ಇಬ್ಬರೂ..." ಎಂದಳು ಯೆನ್.

ಇಬ್ಬರೂ ತಲೆಯೆತ್ತಿದರು. "ಏನೇ?"

"ಏನಿಲ್ಲ," ಎಂದು ಯೆನ್ ಎರಡು ತಟ್ಟೆ ಮುಂದೆ ಹಿಡಿದಳು.