ದೊಡ್ಡಮ್ಮನ ಗೆಲುವು

ಕೇಕಿನ ಮೊದಲ ತುಂಡನ್ನು ಪ್ರೊಫೆಸರಮ್ಮ ತನ್ನ ಶಿಷ್ಯೆಗೆ ಕೊಡಲಿಲ್ಲ. ಎಲ್ಲರೆದುರು ಶಿಷ್ಯೆಯ ಅಪ್ಪನ ಬಾಯಿಗೇ ಹಿಡಿದಳು.

"ತಗೊಳ್ಳಿ ಡಾಕ್ಟ್ರೇ, ಬಾಯಿ ಸಿಹಿ ಮಾಡ್ಕೊಳ್ಳಿ! ಮಗಳು ಪಿಎಚ್.ಡಿ. ಸಂಶೋಧನೆ ಮಂಡಿಸಿದಾಳೆ ಅಂದ್ರೆ ಸುಮ್ನೇನಾ?"

ಡಾಕ್ಟರ ಮುಖ ಬಿಳುಚಿಕೊಂಡಿತ್ತು. ಮುರಿದ ಮೂಳೆಯನ್ನು ಬೇಗ ಕೂಡಿಸುವ ಔಷಧ ಕಂಡುಹಿಡಿದವನೆಂದು ಜೀವನವಿಡೀ ಮೆರೆದವನು ಆತ. ಹಾಗೆ ಕೂಡಿದ ಮೂಳೆ ವರ್ಷ ಕಳೆದಂತೆ ಸೀಮೆಸುಣ್ಣದಂತೆ ಪುಡಿಯಾಗುತ್ತದೆಂದು ಈಗಷ್ಟೇ ತುಂಬಿದ ಸಭೆಯಲ್ಲಿ ಮಗಳೇ ಸಾಧಿಸಿ ತೋರಿಸಿದ್ದಳು. ಹಿಂದೆ ಇದೇ ಮಾತು ಹೇಳಿದ್ದವಳು ಪ್ರೊಫೆಸರಮ್ಮ. ಆಗ ಆಕೆ ಅವನ ಹೆಂಡತಿ. "ಇವಳಿಗೆ ತಲೆ ಕೆಟ್ಟಿದೆ" ಎಂದು ಕಂಡಕಂಡವರಲ್ಲಿ ಸಾರಿ, ಪ್ರಯೋಗಾಲಯದಿಂದಲೂ ಮನೆಯಿಂದಲೂ ಹೊರದಬ್ಬಿ, ಅವಳ ಒಡಹುಟ್ಟಿದ ತಂಗಿಯನ್ನೇ ಕಟ್ಟಿಕೊಂಡಿದ್ದ! ಆ ತಂಗಿಯ ಮಗಳು ಹಟ ಹಿಡಿದು ದೊಡ್ಡಮ್ಮನ ಕೈಕೆಳಗೆ ಸಂಶೋಧನೆಗೆ ಬಂದಾಗ, ಪ್ರೊಫೆಸರಮ್ಮನೊಳಗೆ ಬೂದಿ ಮುಚ್ಚಿದ ಕೆಂಡಕ್ಕೆ ಗಾಳಿ ಬಿದ್ದಂತಾಗಿತ್ತು.

"ಪುಟ್ಟೀ..." ಡಾಕ್ಟರ್ ತಡವರಿಸಿದ. "ನಂಗೆ ಮೊದಲೇ ಒಂದು ಮಾತು ಹೇಳಬಾರದಿತ್ತಾ?"

ಹುಡುಗಿ ಬೆಚ್ಚಿದಳು. "ದೊಡ್ಡಮ್ಮ ನಿಮಗೆ ಹೇಳಿದ್ರಲ್ಲಪ್ಪ? ನೀವೂ ಒಪ್ಕೊಂಡ್ರಿ ಅಂದ್ರು..."

ಚಹಾ ಹೀರುತ್ತಿದ್ದವರೆಲ್ಲ ಪ್ರೊಫೆಸರಮ್ಮನತ್ತ ತಿರುಗಿದರು.

"ಹೇಳಲಿಲ್ಲ!" ಎಂದಳು ಪ್ರೊಫೆಸರಮ್ಮ. "ನನ್ನನ್ನ ಹುಚ್ಚಿ ಮಾಡೋವಾಗ ನನಗೆ ಹೇಳಿದ್ರಾ ಇವರು? ತುಂಬಿದ ಸಭೇಲಿ, ಹೆತ್ತ ಮಗಳ ಬಾಯಿಂದಲೇ ಇವರು ಕೇಳಬೇಕಿತ್ತು! ಕೇಳಿದ್ರು! ನನ್ನ ಹೊಟ್ಟೆ ತಣ್ಣಗಾಯ್ತು!"

"ಸತ್ಯ ಹೇಳಿದ್ದಕ್ಕೆ ನಂಗೆ ನಾಚಿಕೆ ಇಲ್ಲ ದೊಡ್ಡಮ್ಮ," ಹುಡುಗಿಯ ಕಣ್ಣು ತುಂಬಿ ಬಂತು. "ನೀವು ಕೇಳಿದ್ದಿದ್ರೆ, ಅಪ್ಪನ ಎದುರು ನಿಂತು ನಾನೇ ಹೇಳ್ತಿದ್ದೆ. ಆದ್ರೆ ನನ್ನ ಹತ್ರನೂ ಸುಳ್ಳಾ?... ನಾನು ನಿಮ್ಮನ್ನ ಅಮ್ಮನಿಗಿಂತ ಹೆಚ್ಚು ನಂಬಿದ್ದೆ..."

ಅವಳು ಅಪ್ಪನ ತೋಳು ಹಿಡಿದು ನಡೆಸಿಕೊಂಡು ಹೊರಟಳು. ಬಾಗಿಲಲ್ಲಿ ಡಾಕ್ಟರ್ ತಿರುಗಿ ನಿಂತ.

"ಅವತ್ತು ನೀನು ಹೇಳಿದ್ದೇ ಸರಿ ಇತ್ತು..."

ಈ ಒಂದು ಮಾತಿಗಾಗಿ ಆಕೆ ಅರ್ಧ ಆಯಸ್ಸು ಕಾದಿದ್ದಳು. ಈಗದು ಕಿವಿಗೆ ಬಿದ್ದರೂ ಎದೆಗಿಳಿಯಲಿಲ್ಲ. ಕಣ್ಣು ಹುಡುಗಿಯ ಬೆನ್ನ ಮೇಲೇ ನೆಟ್ಟಿತ್ತು. ಒಮ್ಮೆ ತಿರುಗಿ ನೋಡಲಿ... ಒಂದೇ ಒಂದು ಸಲ...

ಹುಡುಗಿ ತಿರುಗಲಿಲ್ಲ.

"ಮೇಡಂ, ಅವಳನ್ನ ಕರೀಲಾ?" ಸಹೋದ್ಯೋಗಿಯೊಬ್ಬಳು ಮೆಲ್ಲಗೆ ಕೇಳಿದಳು.

"ಬೇಡ," ಎಂದಳು ಪ್ರೊಫೆಸರಮ್ಮ. ಅವನಿಗೆ ಮಾಡಿದ್ದಕ್ಕೆ ಆಕೆಗೆ ಎಳ್ಳಷ್ಟೂ ಪಶ್ಚಾತ್ತಾಪವಿರಲಿಲ್ಲ. "ಯಾವ ಬಾಯಲ್ಲಿ ಕರೀಲಿ ಅವಳನ್ನ?"